ಕ್ಯಾಮೆರಾ ಪೆಟ್ಟಿಗೆಯ ಮೇಲೆ ಬರೆಯದ ಲೆಕ್ಕ

ಮಲೆನಾಡಿನ ಹಳೆಯ ಮನೆಗಳ ಜಗಲಿಯ ಗೋಡೆಯಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ತೀರಿಹೋದ ಹಿರಿಯರದು. ಕೊರಳಿಗೆ ಗಂಧದ ಹಾರ, ಮೇಲೊಂದು ಕೆಂಪು ದೀಪ. ಹತ್ತಿರ ಹೋಗಿ ನೋಡಿದರೆ ಕಣ್ಣು ಮೂಗೆಲ್ಲ ಮಸುಕು. ಭುಜದ ಪಕ್ಕದಲ್ಲಿ ಬೇರೆ ಯಾರದೋ ರುಮಾಲಿನ ಅಂಚು. ಯಾವುದೋ ಮದುವೆಯ ಗ್ರೂಪ್ ಫೋಟೋದಲ್ಲಿ ಉಗುರಿನಷ್ಟಿದ್ದ ಮುಖವನ್ನು ಸ್ಟುಡಿಯೋದವರು ದೊಡ್ಡದು ಮಾಡಿ ಕೊಟ್ಟದ್ದು ಅದು. ಬದುಕಿದ್ದಾಗ ಒಬ್ಬರನ್ನೇ ಕೂರಿಸಿ ಒಂದು ಫೋಟೋ ತೆಗೆಸಬೇಕೆಂದು ಯಾರಿಗೂ ತೋಚಿರಲಿಲ್ಲ.

ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ನಿವೃತ್ತರಾದ ವರ್ಷವೇ ಕ್ಯಾಮೆರಾ ಕೊಳ್ಳಲು ಹೊರಟದ್ದು ಇಂಥದೊಂದು ಫೋಟೋದ ದೆಸೆಯಿಂದ. ಗೋಡೆಯ ಮೇಲಿರುವುದು ಅವರ ತಂದೆ. ತಾಯಿಗೆ ಈಗ ಎಂಬತ್ತಾರು. ಅವರದೊಂದು ಚೆಂದದ ಫೋಟೋ ಬೇಕು ಎಂಬುದು ಮೊದಲ ಆಸೆ. ಅದರ ಬೆನ್ನಿಗೆ ಇನ್ನೆರಡು ಹುಟ್ಟಿಕೊಂಡವು. ಬೇಸಗೆಯಲ್ಲಿ ಊರಿಗೆ ಬರುವ ಮೇಳದ ಆಟವನ್ನು ಹಿಡಿಯಬೇಕು. ತೋಟದ ಅಂಚಿನ ಅತ್ತಿ ಮರಕ್ಕೆ ಬರುವ ಮಂಗಟ್ಟೆ ಹಕ್ಕಿಯನ್ನೂ ಹಿಡಿಯಬೇಕು. ಕೈಯಲ್ಲಿ 80 ಸಾವಿರ ರೂಪಾಯಿ. ಬಡಬಗ್ಗರ ಮೊತ್ತವಲ್ಲ, ಆದರೆ ಮತ್ತೆ ಮತ್ತೆ ಖರ್ಚು ಮಾಡುವಂಥದೂ ಅಲ್ಲ. ಇನ್ನು ಹತ್ತು ವರ್ಷ ಆ ಕ್ಯಾಮೆರಾದಲ್ಲೇ ಕಾಲ ಹಾಕಬೇಕು.

“ಫೋನಲ್ಲೇ ತೆಗಿಬಹುದಲ್ಲ, ಅಪ್ಪಯ್ಯ?” ಎಂದ ಬೆಂಗಳೂರಿನಲ್ಲಿರುವ ಮಗ.

ಮಗನ ಮಾತು ತಳ್ಳಿಹಾಕುವಂಥದಲ್ಲ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೊರಟಿದ್ದವು. 2020ರಲ್ಲಿ ಅದು 90 ಲಕ್ಷವನ್ನೂ ಮುಟ್ಟಲಿಲ್ಲ. ನುಂಗಿದ್ದು ಫೋನು. ಒಂದು ಕಾಲಕ್ಕೆ ಮದುವೆ, ಮುಂಜಿ, ಪ್ರವಾಸಗಳಲ್ಲಿ ಎಲ್ಲರ ಕೈಯಲ್ಲೂ ಇದ್ದ ಅಂಗೈಯಗಲದ ಕ್ಯಾಮೆರಾಗಳು ಹೆಚ್ಚುಕಡಿಮೆ ಕಾಣೆಯಾಗಿರುವುದು ಇದರಿಂದಲೇ. ಹಗಲು ಬೆಳಕಿನಲ್ಲಿ, ನಾಲ್ಕಾರು ಅಡಿ ದೂರದ ಮುಖಕ್ಕೆ ಒಳ್ಳೆಯ ಫೋನು ಧಾರಾಳ ಸಾಕು. ಮೇಷ್ಟ್ರ ಆಸೆ ತಾಯಿಯ ಫೋಟೋ ಒಂದೇ ಆಗಿದ್ದರೆ 80 ಸಾವಿರವನ್ನು ಬ್ಯಾಂಕಿನಲ್ಲೇ ಬಿಟ್ಟು, ಬೆಳಿಗ್ಗೆ ಅವರನ್ನು ಬಾಗಿಲ ಬಳಿ ಕೂರಿಸಿ ಮಗನ ಫೋನಿನಲ್ಲೇ ಕ್ಲಿಕ್ಕಿಸಬಹುದಿತ್ತು. ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ಫೋನು ಎಲ್ಲಿ ಸೋಲುತ್ತದೆ? ಮುಖ್ಯವಾಗಿ ಎರಡು ಕಡೆ. ಮಂದ ಬೆಳಕಿನಲ್ಲಿ ಚಲಿಸುವುದನ್ನು ಹಿಡಿಯುವಾಗ, ಮತ್ತು ದೂರದ್ದನ್ನು ಹಿಡಿಯುವಾಗ. ಮೇಷ್ಟ್ರ ಆಟವೂ ಹಕ್ಕಿಯೂ ಸರಿಯಾಗಿ ಇಲ್ಲೇ ಬಂದು ಕೂತಿವೆ.

ಶಿವಮೊಗ್ಗದ ಅಂಗಡಿಯಲ್ಲಿ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದೇ. “ಇದು ಎಷ್ಟು ಮೆಗಾಪಿಕ್ಸೆಲ್?”

“ಇಪ್ಪತ್ನಾಲ್ಕು ಸಾರ್. ಇನ್ನೂ ಜಾಸ್ತಿ ಬೇಕಂದ್ರೆ ಅಲ್ಲಿದೆ ನೋಡಿ, ಮೂವತ್ತೆರಡು.”

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಈ ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮೊಟ್ಟಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದಾಗ ಅದರಲ್ಲಿದ್ದದ್ದು ಬರೇ 10 ಸಾವಿರ ಚುಕ್ಕಿ. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿಗೆ ಬರೆಯಲು 23 ಸೆಕೆಂಡು ಬೇಕಾಗುತ್ತಿತ್ತು. 2000ದ ಹೊತ್ತಿಗೆ ಎರಡು ಮೂರು ಮೆಗಾಪಿಕ್ಸೆಲ್ ಎಂದರೇ ದೊಡ್ಡ ಮಾತು, ಆಗ ಒಂದೊಂದು ಮೆಗಾಪಿಕ್ಸೆಲ್ಲಿಗೂ ಬೆಲೆಯಿತ್ತು. ಈಗ ಹಾಗಿಲ್ಲ. ಎಂಟಕ್ಕೆ ಹನ್ನೆರಡು ಇಂಚಿನ ಪ್ರಿಂಟು ಹಾಕಿಸಲು, ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಿಡಿದರೂ, 86 ಲಕ್ಷ ಚುಕ್ಕಿ ಸಾಕು. ಅಂದರೆ ಒಂಬತ್ತು ಮೆಗಾಪಿಕ್ಸೆಲ್ಲಿಗೂ ಒಳಗೆ. ಮನೆಯ 4ಕೆ ಟೀವಿಯಲ್ಲಿರುವುದು ಅದಕ್ಕಿಂತ ಕಡಿಮೆ. ಇನ್ನೊಂದು ಮಾತು: ಮೆಗಾಪಿಕ್ಸೆಲ್ ಎರಡರಷ್ಟಾದರೆ ಚಿತ್ರದ ಉದ್ದಗಲ ಎರಡರಷ್ಟಾಗುವುದಿಲ್ಲ. ಉದ್ದವೂ ಅಗಲವೂ ಇಮ್ಮಡಿಯಾಗಬೇಕಾದರೆ 24 ಹೋಗಿ 96 ಆಗಬೇಕು. ಇಪ್ಪತ್ನಾಲ್ಕಕ್ಕೂ ಮೂವತ್ತೆರಡಕ್ಕೂ ಇರುವ ವ್ಯತ್ಯಾಸ ಮೇಷ್ಟ್ರ ಮನೆಯ ಗೋಡೆಯ ಮೇಲೆ ಯಾರಿಗೂ ಕಾಣುವುದಿಲ್ಲ.

ಕೇಳಬೇಕಾದ ಅಂಕಿ ಬೇರೆಯೇ ಇದೆ. ಅದನ್ನು ಪೆಟ್ಟಿಗೆಯ ಮೇಲೆ ಹಾಕಿದ್ದರೂ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಸೆನ್ಸರಿನ ಅಳತೆ. ಫಿಲ್ಮ್ ರೋಲಿನ ಜಾಗದಲ್ಲಿ ಈಗ ಕೂತಿರುವ, ಬೆಳಕನ್ನು ಹಿಡಿಯುವ ಬಿಲ್ಲೆ ಅದು. ಸೂರಿನಿಂದ ಸುರಿಯುವ ಮಳೆನೀರಿಗೆ ಒಬ್ಬರು ಚೊಂಬು ಇಟ್ಟಿದ್ದಾರೆ, ಇನ್ನೊಬ್ಬರು ಕೊಪ್ಪರಿಗೆ ಇಟ್ಟಿದ್ದಾರೆ ಎನ್ನಿ. ಅದೇ ಮಳೆ, ಅಷ್ಟೇ ಹೊತ್ತು. ಆದರೆ ಬಾಯಿ ಅಗಲವಿದ್ದದ್ದಕ್ಕೆ ಹೆಚ್ಚು ನೀರು. ಸಣ್ಣ ಕ್ಯಾಮೆರಾಗಳ ಸೆನ್ಸರು ಬಹಳ ಕಾಲ ಸುಮಾರು 6.2 ಮಿ.ಮೀ.ಗೆ 4.6 ಮಿ.ಮೀ. ಇರುತ್ತಿತ್ತು, ಅಂದರೆ 28 ಚದರ ಮಿ.ಮೀ. ‘ಎಪಿಎಸ್-ಸಿ’ ಎಂಬ ಮಧ್ಯಮ ವರ್ಗದ ಸೆನ್ಸರು 23.5ಕ್ಕೆ 15.6, ಹತ್ತಿರ ಹತ್ತಿರ 367 ಚದರ ಮಿ.ಮೀ. ಹದಿಮೂರು ಪಟ್ಟು. ಹಳೆಯ ಫಿಲ್ಮಿನಷ್ಟೇ ದೊಡ್ಡದಾದ 36ಕ್ಕೆ 24ರ ‘ಫುಲ್ ಫ್ರೇಮ್’ ಇದಕ್ಕೂ ಎರಡೂಕಾಲು ಪಟ್ಟು ಮಿಗಿಲು. ಅದರ ಬೆಲೆಯೂ ಅದಕ್ಕೆ ಹಾಕುವ ಲೆನ್ಸಿನ ಬೆಲೆ, ತೂಕಗಳೂ ಹಾಗೆಯೇ ಮೇಲೇರುತ್ತವೆ. ನಡುವೆ ‘ಒಂದಿಂಚಿನ ಸೆನ್ಸರು’ ಎಂಬುದೊಂದಿದೆ. ಅಳತೆ ಪಟ್ಟಿ ಹಿಡಿದು ಹುಡುಕಿದರೂ ಅದರಲ್ಲಿ ಒಂದಿಂಚು ಎಲ್ಲೂ ಸಿಗುವುದಿಲ್ಲ. ಮೂಲೆಯಿಂದ ಮೂಲೆಗೆ 16 ಮಿ.ಮೀ. ಅಷ್ಟೇ. ಹಳೆಯ ಟೀವಿ ಕ್ಯಾಮೆರಾಗಳೊಳಗಿದ್ದ ಗಾಜಿನ ಕೊಳವೆಯ ಹೊರಗಿನ ಅಳತೆಯಿಂದ ಬಂದ ಹೆಸರು. ವ್ಯಾಪಾರಕ್ಕೆ ಅನುಕೂಲವಾದ್ದರಿಂದ ಉಳಿದುಕೊಂಡಿದೆ.

60 ಸಾವಿರದಿಂದ ಲಕ್ಷದೊಳಗಿನ ಬಜೆಟ್ಟಿನವರು ಕಣ್ಣು ಮುಚ್ಚಿ ಎಪಿಎಸ್-ಸಿ ಎನ್ನಬಹುದು. ಕ್ಯಾನನ್ನಿನ ಈಓಎಸ್ ಆರ್50 (2023), ನಿಕಾನಿನ ಝಡ್50 (2019), ಸೋನಿಯ ಎ6400 (2019), ಇವೆಲ್ಲ ಈ ಪಂಗಡದವು. ಯಾವುದನ್ನು ಕೊಂಡರೂ ಮೋಸವಿಲ್ಲ. ಒಂದೊಂದಕ್ಕೆ ಒಂದೊಂದು ಅಭಿಮಾನಿ ಬಳಗವಿದ್ದು, ಅವರ ಜಗಳ ಮುಗಿಯುವಂಥದಲ್ಲ. ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿ. ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತದೆಯೇ? ಗುಂಡಿಗಳು ಕನ್ನಡಕವಿಲ್ಲದೆ ಸಿಗುತ್ತವೆಯೇ? ಮುಖ್ಯವಾಗಿ, ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಇದೆಯೇ? ಮೇಲೆ ಹೇಳಿದ ಮೂರರಲ್ಲೂ ಇದೆ. ಆದರೆ ನಿಕಾನ್ ಝಡ್30, ಸೋನಿ ಝಡ್‌ವಿ-ಇ10ರಂಥವುಗಳಲ್ಲಿ ಇಲ್ಲ. ವಿಡಿಯೋ ಮಾಡುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು ಅವು. ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಪರದೆ ಏನೂ ಕಾಣಿಸದೆ ಕಪ್ಪಗಾದಾಗ ಕಿಂಡಿಯ ಬೆಲೆ ಗೊತ್ತಾಗುತ್ತದೆ. ಕಿಂಡಿಯ ಬದಿಯಲ್ಲಿ ಒಂದು ಪುಟ್ಟ ಚಕ್ರವಿರುತ್ತದೆ. ಅದನ್ನು ತಿರುಗಿಸಿದರೆ ನೋಡುವವರ ಕಣ್ಣಿನ ಪವರಿಗೆ ಹೊಂದಿಕೊಳ್ಳುತ್ತದೆ. ಇದು ತಿಳಿಯದೆ “ಕ್ಯಾಮೆರಾ ಸರಿಯಿಲ್ಲ, ಎಲ್ಲ ಮಂಜು” ಎಂದು ವಾಪಸು ಒಯ್ದವರಿದ್ದಾರೆ.

ಇನ್ನು ಲೆನ್ಸು. ಸ್ವಲ್ಪ ನಿಧಾನಿಸಬೇಕಾದ್ದು ಇಲ್ಲೇ.

ಪೆಟ್ಟಿಗೆಯೊಳಗೆ ಕ್ಯಾಮೆರಾದ ಜತೆಗೇ ಒಂದು ಜೂಮ್ ಲೆನ್ಸ್ ಬರುತ್ತದೆ. ಹಗಲಿಗೆ ಒಳ್ಳೆಯದೇ. ಮೇಷ್ಟ್ರ ಆಟ ನಡೆಯುವುದು ರಾತ್ರಿ. ರಂಗಸ್ಥಳದ ದೀಪಗಳು ನಮ್ಮ ಕಣ್ಣಿಗೆ ಝಗಝಗ, ಕ್ಯಾಮೆರಾಕ್ಕೆ ಅರೆಗತ್ತಲು. ಬಡಗುತಿಟ್ಟಿನ ವೇಷ ಮಂಡಿ ತಿರುಗುವಾಗ ಅದನ್ನು ನಿಲ್ಲಿಸಿ ಹಿಡಿಯಬೇಕಾದರೆ ಶಟರು ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದಿರಬೇಕು. ಜೂಮ್ ಲೆನ್ಸನ್ನು ಪೂರ್ತಿ ಮುಂದಕ್ಕೆಳೆದಾಗ ಅದರ ಕಿಂಡಿ ಎಫ್ 5.6ಕ್ಕಿಂತ ಅಗಲವಾಗುವುದಿಲ್ಲ. ಅಷ್ಟು ಕಿಂಡಿಯಲ್ಲಿ ಸಿಗುವ ಬೆಳಕಿಗೆ ಶಟರು ಐವತ್ತನೆಯ ಒಂದು ಭಾಗ ತೆರೆದಿರಬೇಕಾಯಿತು ಎನ್ನಿ. ಕೇದಗೆ ಮುಂದಲೆಯೂ ಮುಖವೂ ಒಂದರೊಳಗೊಂದು ಕಲಸಿ ಬಣ್ಣದ ಗೆರೆಯಾಗುತ್ತವೆ. ಅದೇ ಜಾಗದಲ್ಲಿ 50 ಮಿ.ಮೀ., ಎಫ್ 1.8ರ ಲೆನ್ಸ್ ಹಾಕಿ. ಬೆಳಕು ಸುಮಾರು ಹತ್ತು ಪಟ್ಟು. ಐವತ್ತು ಹೋಗಿ ಐನೂರಾಯಿತು! ಕ್ಯಾಮೆರಾ ಅದೇ, ದೀಪವೂ ಅದೇ. ಜೂಮ್ ಇಲ್ಲದ, ಹಿಂದೆ ಮುಂದೆ ನಾವೇ ನಡೆಯಬೇಕಾದ ಈ ಪುಟ್ಟ ಲೆನ್ಸು ಹಲವು ಕಂಪನಿಗಳಲ್ಲಿ ಅಗ್ಗದ ಲೆನ್ಸುಗಳ ಸಾಲಿನಲ್ಲಿದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದು ಹಳೆಯ ಲೆಕ್ಕದ 75-80 ಮಿ.ಮೀ. ಲೆನ್ಸಿನಂತೆ ಕಾಣಿಸುತ್ತದೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಸರಿಯಾದ ಅಳತೆ. ಒಬ್ಬರ ಮುಖದ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಆಟದ ನಡುವೆ ಫ್ಲ್ಯಾಶ್ ಹೊಡೆಯುವ ಮಾತು ಬೇಡ. ವೇಷಧಾರಿಯ ಕಣ್ಣಿಗೆ ಕತ್ತಲೆ ಕವಿಯುತ್ತದೆ, ಹಿಂದಿನವರ ಬೈಗುಳವೂ ಸಿಗುತ್ತದೆ. ಹಾಗೆಯೇ ‘ಸ್ಟೆಬಿಲೈಸೇಷನ್ ಇದೆ, ಕತ್ತಲಲ್ಲೂ ಶೇಕ್ ಆಗಲ್ಲ’ ಎಂಬ ಅಂಗಡಿಯ ಮಾತು ಅರ್ಧ ಸತ್ಯ. ನಮ್ಮ ಕೈ ನಡುಗುವುದನ್ನು ಅದು ತಡೆಯುತ್ತದೆ, ಎದುರಿಗಿರುವವರು ಕುಣಿಯುವುದನ್ನಲ್ಲ.

ಹಕ್ಕಿಯದು ಇನ್ನೊಂದು ಕಥೆ. ಅತ್ತಿ ಮರದ ತುದಿಯ ಮಂಗಟ್ಟೆಗೆ 300 ಮಿ.ಮೀ. ಲೆನ್ಸು ಕನಿಷ್ಠ, 400 ಇದ್ದರೆ ವಾಸಿ. ಎಪಿಎಸ್-ಸಿ ಸೆನ್ಸರಿನ ಮುಂದೆ 300 ಮಿ.ಮೀ. ಲೆನ್ಸು 450ರಂತೆ ವರ್ತಿಸುತ್ತದೆ ಎಂಬುದೊಂದು ಸಮಾಧಾನ. ಲೆನ್ಸು ಬದಲಿಸಲಾಗದ, ಎಲ್ಲವೂ ಒಂದರಲ್ಲೇ ಇರುವ ‘ಸೂಪರ್ ಜೂಮ್’ ಕ್ಯಾಮೆರಾಗಳೂ ಇವೆ. ನಿಕಾನಿನ ಪಿ1000 (2018) 3,000 ಮಿ.ಮೀ.ಗೆ ಸಮನಾದಷ್ಟು ದೂರ ಎಳೆಯುತ್ತದೆ, ಚಂದ್ರನ ಕುಳಿಗಳನ್ನು ಎಣಿಸಬಹುದು. ಆದರೆ ಸೆನ್ಸರು ಮಾತ್ರ ಅದೇ 28 ಚದರ ಮಿ.ಮೀ.ನ ಚೊಂಬು. ರಂಗನತಿಟ್ಟಿನ ಬಿಸಿಲಿನಲ್ಲಿ ದೋಣಿಯಲ್ಲಿ ಕೂತು ತೆಗೆಯಲು ಚೆನ್ನ, ಮಲೆನಾಡಿನ ಮರದ ನೆರಳಿನ ಹಸಿರುಗತ್ತಲೆಗೆ ಸಾಲದು. ಹಕ್ಕಿಯೊಂದೇ ಹುಚ್ಚು ಎನ್ನುವವರ ದಾರಿ ಬೇರೆ. ಮೇಷ್ಟ್ರಂಥವರು ಒಂದೇ ವರ್ಷದಲ್ಲಿ ಮೂರೂ ಆಸೆಗೆ ಕೈಚಾಚಿದರೆ ಮೂರಕ್ಕೂ ಅರೆಬರೆ ಸಾಮಾನು ತಂದಂತಾಗುತ್ತದೆ. ಹಕ್ಕಿಯನ್ನು ಮುಂದಿನ ವರ್ಷಕ್ಕೆ ತಳ್ಳುವುದೆಂದು ಅವರು ಅಂಗಡಿಯಲ್ಲೇ ತೀರ್ಮಾನಿಸಿದರು. ಮನಸ್ಸಿಲ್ಲದ ಮನಸ್ಸಿನಿಂದ.

ಇಷ್ಟರಲ್ಲಿ ಹಣವೆಲ್ಲ ಮುಗಿಸಿಬಿಡುವುದು ಹೆಚ್ಚಿನವರು ಮಾಡುವ ತಪ್ಪು. ಕೈಯಲ್ಲಿರುವುದರ ಕಾಲು ಭಾಗವನ್ನಾದರೂ ಮೊದಲೇ ಪಕ್ಕಕ್ಕೆ ಇಡಬೇಕು. 80 ಸಾವಿರಕ್ಕೆ 20 ಸಾವಿರ. ಆ ಪುಟ್ಟ ಲೆನ್ಸೂ ಉಳಿದ ಸಣ್ಣಪುಟ್ಟ ಸಾಮಾನೂ ಇದರಲ್ಲಿ ಬರಬೇಕು.

ಬ್ಯಾಟರಿ ಇನ್ನೊಂದು ಬೇಕೇ ಬೇಕು. ಕನ್ನಡಿ ಇದ್ದ ಹಳೆಯ ಡಿಎಸ್‌ಎಲ್‌ಆರ್‌ಗಳಿಗೆ ಈ ಚಿಂತೆಯಿರಲಿಲ್ಲ. ನಿಕಾನ್ ಡಿ3500 (2018) ಒಂದು ಚಾರ್ಜಿಗೆ 1,550 ಚಿತ್ರ ತೆಗೆಯುತ್ತದೆಂದು ಕಂಪನಿಯೇ ಹೇಳಿತ್ತು. ಈಗಿನ ಮಿರರ್‌ಲೆಸ್‌ಗಳಲ್ಲಿ ಪರದೆ ಸದಾ ಉರಿಯುತ್ತಿರುವುದರಿಂದ ಮುನ್ನೂರು ನಾನೂರಕ್ಕೆ ಉಸಿರು ನಿಲ್ಲುತ್ತದೆ. ಬೆಳಗಿನ ತನಕದ ಆಟದಲ್ಲಿ ಎರಡನೆಯ ಪ್ರಸಂಗಕ್ಕೆ ಮೊದಲೇ ಕೈಕೊಟ್ಟೀತು. ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕುವಂತಿಲ್ಲ.

ಮೆಮೊರಿ ಕಾರ್ಡು ಎರಡಿರಲಿ. 256 ಜಿಬಿಯ ಒಂದಕ್ಕಿಂತ 64 ಜಿಬಿಯ ಎರಡು ಮೇಲು; ಒಂದು ಕೆಟ್ಟರೂ ಇನ್ನೊಂದಿರುತ್ತದೆ. ಮೇಲೆ ‘ವಿ30’ ಎಂಬ ಗುರುತು ಇದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂದರ್ಥ, ಅಷ್ಟು ಸಾಕು. ಪೇಟೆಯಲ್ಲಿ ನಕಲಿ ಕಾರ್ಡುಗಳಿಗೆ ಬರವಿಲ್ಲ. ಒಳಗೆ 8 ಜಿಬಿ ಇಟ್ಟು ಮೇಲೆ 64 ಎಂದು ಬರೆದಿರುತ್ತಾರೆ. ಕಂಪ್ಯೂಟರಿಗೂ 64 ಎಂದೇ ತೋರಿಸುತ್ತದೆ. ಎಂಟು ತುಂಬಿದ ಮೇಲೆ ತೆಗೆದ ಚಿತ್ರಗಳೆಲ್ಲ ಹೊಳೆಗೆ ಹುಣಸೆಹಣ್ಣು. ‘ಎಚ್2ಟೆಸ್ಟ್‌ಡಬ್ಲ್ಯೂ’ ಎಂಬ ಉಚಿತ ಪ್ರೋಗ್ರಾಮು ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ಬಣ್ಣ ಬಯಲು ಮಾಡುತ್ತದೆ. ಕಾರ್ಡು ತಂದ ದಿನವೇ ಓಡಿಸಿ ನೋಡುವುದು ಕ್ಷೇಮ. ಇತ್ತೀಚೆಗೆ ಕಾಲೇಜು ಹುಡುಗ ಹುಡುಗಿಯರಿಗೆ 2005ರ ಆಸುಪಾಸಿನ ಪುಟ್ಟ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುವ ಗೀಳು ಹತ್ತಿದೆ. ಅವರು ಕಾರ್ಡಿನ ಬಾಗಿಲು ತೆರೆದು ನೋಡಿಯೇ ದುಡ್ಡು ಕೊಡಲಿ. ‘ಎಕ್ಸ್‌ಡಿ’, ‘ಸ್ಮಾರ್ಟ್ ಮೀಡಿಯಾ’ ಎಂಬ ಕಾರ್ಡುಗಳ ತಯಾರಿಕೆ ನಿಂತು ಯಾವುದೋ ಕಾಲವಾಯಿತು.

ಟ್ರೈಪಾಡು ತಕ್ಷಣಕ್ಕೆ ಬೇಡ. ಕುಣಿಯುವವರಿಗೆ ಅದು ಉಪಯೋಗವಿಲ್ಲ. ಬೇಲೂರು ಹಳೇಬೀಡುಗಳಂಥ ಸಂರಕ್ಷಿತ ಸ್ಮಾರಕಗಳಲ್ಲಿ ಅದನ್ನು ನಿಲ್ಲಿಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಅಟ್ಟದ ಮೇಲೆ ಫಿಲ್ಮ್ ಕಾಲದ್ದೊಂದು ಬಿದ್ದಿದ್ದರೆ ಇಳಿಸಿ ಒರೆಸಿಕೊಳ್ಳಿ. ಕಾರ್ಡು, ಬ್ಯಾಟರಿ, ಲೆನ್ಸಿನ ಬಾಯಿ ಎಲ್ಲ ಬದಲಾದರೂ ಟ್ರೈಪಾಡಿನ ಕಾಲಿಂಚಿನ ತಿರುಪು ಮಾತ್ರ ಹಾಗೇ ಉಳಿದಿದೆ. ಫ್ಲ್ಯಾಶಿನ ಬೆಳಕನ್ನು ಬಿಳಿ ಮಾಳಿಗೆಗೆ ಹೊಡೆದು ಕೆಳಗಿಳಿಸಬೇಕೆಂದು ಪುಸ್ತಕಗಳಲ್ಲಿ ಬರೆದಿರುತ್ತದೆ, ಆದರೆ ಹೆಂಚಿನ ಮನೆಯಲ್ಲಿ ಮಾಳಿಗೆಯೆಲ್ಲಿ? ಕರಿಹಿಡಿದ ಜಂತಿ ಬೆಳಕನ್ನೆಲ್ಲ ಕುಡಿದುಬಿಡುತ್ತದೆ. ಒಂದು ಬಿಳಿ ಪಂಚೆಯನ್ನು ಪಕ್ಕಕ್ಕೆ ಇಳಿಬಿಟ್ಟರೆ ಕೆಲಸವಾದೀತು. ಯುವಿ ಫಿಲ್ಟರಿಗಿಂತ ಲೆನ್ಸಿಗೊಂದು ಹುಡ್ ಕೊಳ್ಳುವುದು ಜಾಣತನ.

ಈ ಖರ್ಚುಗಳ ನಡುವೆ ಯಾರೂ ನೆನಪಿಡದ ಒಂದು ಸಾಮಾನಿದೆ. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಕ್ಯಾಮೆರಾಕ್ಕಿಂತ ಮೊದಲು ಬೇಕಾದ್ದು ಅದು: ಗಾಳಿಯಾಡದ ಡಬ್ಬಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಲೆನ್ಸಿಗೂ ಬೂಷ್ಟೇ. ಅದು ಹೊರಗಲ್ಲ, ಒಳಗಿನ ಗಾಜುಗಳ ನಡುವೆ ಜೇಡರ ಬಲೆಯಂತೆ ಹಬ್ಬುತ್ತದೆ. ಬೂಷ್ಟು ಉಗುಳುವ ಆಮ್ಲ ಗಾಜಿನ ಮೇಲಿನ ತೆಳು ಲೇಪವನ್ನು ತಿಂದರೆ ಮುಗಿಯಿತು, ಬಿಚ್ಚಿ ಒರೆಸಿದರೂ ಕಲೆ ಹೋಗದು. ಸಾವಿರಾರು ರೂಪಾಯಿಯ ಲೆನ್ಸು ಒಂದೇ ಮಳೆಗಾಲದಲ್ಲಿ ಕುರುಡಾಗುವುದುಂಟು. ಚೆಂದದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಭದ್ರವಾಗಿ ಇಟ್ಟವರದೇ ಮೊದಲು ಹಾಳಾಗುತ್ತದೆ. ಬಟ್ಟೆಯ, ಚರ್ಮದ ಚೀಲಗಳು ತೇವ ಹೀರಿ ಬೂಷ್ಟಿಗೆ ಹಾಸಿಗೆ ಹಾಸಿಕೊಡುತ್ತವೆ. ಹಿಂದಿನವರು ಕೆಡಬಾರದ ಸಾಮಾನನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಉಪಾಯ ಸರಿಯೇ, ಆದರೆ ಕ್ಯಾಮೆರಾಕ್ಕೆ ಹೊಗೆ ಆಗದು.

ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಕಾಲು ಕೆ.ಜಿ. ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರು. ಮೂರೂ ಸೇರಿ ಸಾವಿರ ರೂಪಾಯಿಯ ಆಚೀಚೆ. ಮೀಟರಿನ ಮುಳ್ಳು 40ರಿಂದ 50ರ ನಡುವೆ ಇರಬೇಕು, 60 ದಾಟಿದರೆ ಎಚ್ಚರ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಎಂಬ ವಿಷವಸ್ತು ಇರುವುದರಿಂದ ಕಿತ್ತಳೆ ಬಣ್ಣದ್ದನ್ನೇ ಕೇಳಿ ತರಬೇಕು. ತೇವ ಕುಡಿದು ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಆರಿಸಿದರೆ ಮತ್ತೆ ಮೊದಲಿನಂತೆ. ಇನ್ನೂ ಅನುಕೂಲಸ್ಥರಿಗೆ ಕರೆಂಟಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ಇದೆ. ಮಲೆನಾಡಿನಲ್ಲಿ ಮಳೆಯ ಜತೆಗೇ ಕರೆಂಟೂ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಕೊಳ್ಳಬೇಕು. ಎಲ್ಲಕ್ಕಿಂತ ಒಳ್ಳೆಯದು ವಾರಕ್ಕೊಮ್ಮೆ ಹೊರತೆಗೆದು ಬಳಸುವುದು. ಧೂಳು ಕೂತರೆ ರಬ್ಬರಿನ ಊದುಗ ಒತ್ತಿ, ಬಾಯಿಂದ ಊದಬೇಡಿ. ಲುಂಗಿಯ ಅಂಚಿನಿಂದಂತೂ ಖಂಡಿತ ಬೇಡ.

ಬೂಷ್ಟಿನ ಮಾತು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಮುಖ್ಯ. ಈಗ ಎಲ್ಲರೂ ಮಿರರ್‌ಲೆಸ್ ಹಿಂದೆ ಹೋಗಿರುವುದರಿಂದ ಒಳ್ಳೊಳ್ಳೆಯ ಡಿಎಸ್‌ಎಲ್‌ಆರ್ ಲೆನ್ಸುಗಳು ಅರ್ಧ ಬೆಲೆಗೆ ಸಿಗುತ್ತವೆ. ಕ್ಯಾನನ್ನಿನ ಹಳೆಯ ಇಎಫ್ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಹೊಸ ಕ್ಯಾಮೆರಾದಲ್ಲಿ ಬಳಸಬಹುದು, ಫೋಕಸ್ಸೂ ತಾನೇ ಆಗುತ್ತದೆ. ನಿಕಾನಿನ ಎಎಫ್-ಎಸ್ ಲೆನ್ಸುಗಳೂ ಹಾಗೆಯೇ. ಅದಕ್ಕೂ ಹಳೆಯ ಎಎಫ್-ಡಿ ಲೆನ್ಸುಗಳನ್ನು ಮಾತ್ರ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ಹಣ ಕೊಡುವ ಮೊದಲು ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಫೋನಿನ ಟಾರ್ಚು ಹಾಯಿಸಿ, ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣವಿದ್ದರೆ ಚಿಂತೆಯಿಲ್ಲ. ಬೇರಿನಂತೆ ಕವಲೊಡೆದ ಬಿಳಿ ಎಳೆ ಕಂಡರೆ ನಮಸ್ಕಾರ ಹೇಳಿ ಎದ್ದುಬನ್ನಿ.

ಹೊಸದು ಕೊಳ್ಳುವವರು ಬಿಲ್ಲು ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ಐದಾರು ಸಾವಿರ ಕಡಿಮೆಗೆ ಕೊಡುತ್ತೇವೆ ಎನ್ನುವ ಮಾಲು ಹೊರದೇಶದಿಂದ ಸುತ್ತುದಾರಿಯಲ್ಲಿ ಬಂದದ್ದಿದ್ದೀತು. ಕೆಟ್ಟರೆ ಇಲ್ಲಿನ ಸರ್ವಿಸ್ ಸೆಂಟರು ವಾರಂಟಿ ಒಪ್ಪುವುದಿಲ್ಲ.

ಮೇಷ್ಟ್ರು ಕೊನೆಗೆ ತಂದದ್ದು ಜೂಮ್ ಲೆನ್ಸಿನ ಜತೆಗೆ ಒಂದು ಎಪಿಎಸ್-ಸಿ ಕ್ಯಾಮೆರಾ, 50 ಮಿ.ಮೀ. ಲೆನ್ಸು, ಇನ್ನೊಂದು ಬ್ಯಾಟರಿ, ಎರಡು ಕಾರ್ಡು, ಊದುಗ. ಡಬ್ಬಿಯನ್ನು ಮನೆಯ ಹಪ್ಪಳದ ಡಬ್ಬಿಗಳಲ್ಲೇ ಒಂದನ್ನು ಬಿಡಿಸಿ ಹೊಂದಿಸಿದರು. ಹೆಂಡತಿ ಒಂದು ವಾರ ಮುಖ ಊದಿಸಿದ್ದರಂತೆ. ಚಿತ್ರಗಳನ್ನಿಡಲು ಒಂದು ಹಾರ್ಡ್ ಡಿಸ್ಕು ಮನೆಯಲ್ಲಿ, ಅದರದೇ ನಕಲು ಬೆಂಗಳೂರಿನ ಮಗನ ಮನೆಯಲ್ಲಿ. ಗೋಡೆಯ ಮೇಲಿನ ತಂದೆಯ ಗ್ರೂಪ್ ಫೋಟೋದ ನೆಗೆಟಿವ್ ಯಾವ ಸ್ಟುಡಿಯೋದಲ್ಲಿ ಏನಾಯಿತೋ ಯಾರಿಗೂ ತಿಳಿಯದು.

ತಾಯಿಯನ್ನು ಒಂದು ಬೆಳಿಗ್ಗೆ ಜಗಲಿಯ ಬಾಗಿಲಿಗೆ ಓರೆಯಾಗಿ ಕೂರಿಸಿದರು. ಬಿಸಿಲು ನೇರವಾಗಿ ಬೀಳದ, ಅಂಗಳದಿಂದ ಬರುವ ಮೆತ್ತನೆಯ ಬೆಳಕು. ಎಫ್ 1.8ಕ್ಕೆ ಬಿಟ್ಟರೆ ಒಂದು ಕಣ್ಣು ಸ್ಪಷ್ಟವಾಗಿ ಇನ್ನೊಂದು ಮಸುಕಾಗುತ್ತದೆಂದು ಮೊದಲ ದಿನವೇ ಕಲಿತಿದ್ದರಿಂದ ಕಿಂಡಿಯನ್ನು ಎಫ್ 4ಕ್ಕೆ ಕಿರಿದು ಮಾಡಿದ್ದರು. “ಇದಕ್ಕೆಲ್ಲ ಎಷ್ಟು ಸುರಿದ್ಯೋ” ಎಂದು ಗೊಣಗುತ್ತಲೇ ಅವರು ಎದ್ದು ಹೋಗಿ ಸೀರೆ ಬದಲಿಸಿ ಬಂದರು. ನಲವತ್ತು ಚಿತ್ರಗಳಲ್ಲಿ ಒಂದನ್ನು ಆರಿಸಿ, ಎಂಟಕ್ಕೆ ಹನ್ನೆರಡು ಪ್ರಿಂಟು ಹಾಕಿಸಿ ತಂದು ತೋರಿಸಿದಾಗ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕಿವಿಯ ಓಲೆಯ ಕೆಂಪು ಹರಳು ಕೂಡ ಎಣಿಸುವ ಹಾಗೆ ಬಂದಿತ್ತು.

“ಚೆನ್ನಾಗಿ ಬಂದಿದೆ” ಎಂದರು. ಆಮೇಲೆ ಪ್ರಿಂಟನ್ನು ವಾಪಸು ಕೊಡುತ್ತಾ, “ಈಗಲೇ ಗೋಡೆಗೆ ಹೊಡಿಬೇಡ ಮಾರಾಯ, ಸದ್ಯಕ್ಕೆ ಬೀರುವಲ್ಲಿ ಇಟ್ಟಿರು.”